ಬೋರ್ಡಿನ ಮೇಲಿನ ಪಾಸ್‌ವರ್ಡ್

ಶಹಾಪುರದ ಸೀರೆ ವ್ಯಾಪಾರಿ ಜಗದೇವಪ್ಪ ತನ್ನ ವೆಬ್‌ಸೈಟಿನ ಪಾಸ್‌ವರ್ಡನ್ನು ಅಂಗಡಿಯ ಬಾಗಿಲ ಮೇಲೆ ಒಂದೂವರೆ ಅಡಿ ಎತ್ತರದ ಅಕ್ಷರಗಳಲ್ಲಿ ಬರೆಸಿದ್ದ. ಬರೆಸುವಾಗ ಅದು ಪಾಸ್‌ವರ್ಡ್ ಆಗಿರಲಿಲ್ಲ, ಬರೀ ಮನೆದೇವರಾಗಿತ್ತು. ಮೇಲೆ ‘ಶ್ರೀ ಕೊಡೇಕಲ್ ಬಸವಣ್ಣ ಪ್ರಸನ್ನ’, ಅದರ ಕೆಳಗೆ ಹೆಂಡತಿಯ ಹೆಸರಿನ ‘ಸೌಭಾಗ್ಯ ಸಾರಿ ಸೆಂಟರ್’. ವೆಬ್‌ಸೈಟ್ ಮಾಡಿಕೊಟ್ಟ ದಿನ ನಾನು, ಯಾರಿಗೂ ಹೊಳೆಯದಂಥ ಒಂದು ಪಾಸ್‌ವರ್ಡ್ ಹೇಳಿ ಎಂದೆ. ಆತ ಕಣ್ಣು ಮುಚ್ಚಿ, ಕೈ ಮುಗಿದು, ಕೊಡೇಕಲ್ ಬಸವಣ್ಣ ಎಂದ.

“ಸಾವ್ಕಾರ್ರ, ಅದು ನಿಮ್ಮ ಬೋರ್ಡಿನ ಮ್ಯಾಲೇ ಅದರಿ. ಓದಾಕ ಬರೋ ಯಾವನರ ಒಳಗ ಹೊಕ್ಕಾನು.”

“ದೇವ್ರ ಹೆಸರ ಹೇಳಿ ಕಳ್ಳತನ ಮಾಡ್ತಾರೇನೋ? ಕೈ ಬಿದ್ದು ಹೋಗ್ತಾವ ಅವರವು.”

“ಬ್ಯಾರೆ ಏನರ ಇಡ್ರಿ.”

“ಮನಿ ದೇವ್ರನ್ನ ಬದ್ಲಿ ಮಾಡ್ತಾರೇನು? ನೀ ಸುಮ್ನ ಬರಿ.”

ಬರೆದೆ. ಇಂಥವರ ನಡುವೆ ಬಾಳುವುದು ನನ್ನ ಹಣೆಬರಹ. ನನ್ನ ಹೆಸರು ಲಕ್ಷ್ಮಿಕಾಂತ, ಬಸ್ ನಿಲ್ದಾಣದ ಹಿಂದಿನ ಗಲ್ಲಿಯಲ್ಲಿ ಆನ್‌ಲೈನ್ ಸೆಂಟರ್ ಇಟ್ಟು ಹನ್ನೊಂದು ವರ್ಷವಾಯಿತು. ಗಾಜಿನ ಬಾಗಿಲ ಮೇಲೆ ಕೆಂಪಕ್ಷರಗಳಲ್ಲಿ ‘ಗಂಗಾಮಾತಾ ಆನ್‌ಲೈನ್’ ಎಂದಿದೆ. ನಾವು ಹೊಳೆದಂಡೆಯ ಮಂದಿ. ಯಾದಗಿರಿಯಿಂದ ಸುರಪುರದವರೆಗೆ ಯಾವ ಅಂಗಡಿಯವನಿಗೆ ವೆಬ್‌ಸೈಟ್ ಬೇಕೆಂದರೂ ನನ್ನ ಹತ್ತಿರ ಬರುತ್ತಾನೆ, ಬಂದವನು ತನ್ನ ದಡ್ಡತನವನ್ನೂ ಜೊತೆಗೇ ತರುತ್ತಾನೆ. ಯಾದಗಿರಿಯ ಗೊಬ್ಬರದಂಗಡಿಯವನೊಬ್ಬ ಪಾಸ್‌ವರ್ಡನ್ನು ಗೋಡೆಯ ಕ್ಯಾಲೆಂಡರ್ ಮೇಲೆ ಬರೆದು ಅದಕ್ಕೆ ಅರಿಶಿನ ಕುಂಕುಮ ಹಚ್ಚಿದ್ದಾನೆ. ಸುರಪುರದ ಬಂಗಾರದಂಗಡಿಯವನದು ತನ್ನ ಜೀಪಿನ ನಂಬರು. ಆ ಜೀಪು ಬೆಳಗಿನಿಂದ ಸಂಜೆಯವರೆಗೆ ಅಂಗಡಿಯ ಮುಂದೆಯೇ ನಿಂತಿರುತ್ತದೆ. ಇವರಿಗೆಲ್ಲ ಬೀಗ ಎಂದರೆ ಶಟರ್ ಎಳೆದು ಹಾಕುವುದೊಂದೇ. ಆ ಬೀಗವನ್ನು ಮಾತ್ರ ಮೂರು ಸಲ ಜಗ್ಗಿ ನೋಡುತ್ತಾರೆ, ಮನೆಗೆ ಹೊರಟವರು ತಿರುಗಿ ಬಂದು ಮತ್ತೊಮ್ಮೆ ಜಗ್ಗುತ್ತಾರೆ.

ಜಗದೇವಪ್ಪ ವರ್ಷಕ್ಕೊಮ್ಮೆ ಕೊಡೇಕಲ್ಲಿಗೆ ನಡೆದು ಹೋಗುವ ಭಕ್ತರಿಗಾಗಿ ರಸ್ತೆಬದಿಯಲ್ಲಿ ಶಾಮಿಯಾನ ಹಾಕಿ ಗೋಧಿ ಹುಗ್ಗಿ, ಅನ್ನ, ಸಾರು ಬಡಿಸುತ್ತಾನೆ. ಒಳ್ಳೆಯ ಕೆಲಸ, ಅದರ ಬಗ್ಗೆ ನನ್ನ ತಕರಾರಿಲ್ಲ. ಈ ಸಲ ಮಾತ್ರ ಶಾಮಿಯಾನದ ಬಾಗಿಲಲ್ಲೇ ಒಂದು ಟೇಬಲ್, ಅದರ ಮೇಲೆ ಕೆಂಪು ರಟ್ಟಿನ ದೊಡ್ಡ ಪುಸ್ತಕ. ಉಂಡವರು ಹೆಸರು, ಊರು, ಫೋನ್ ನಂಬರು ಬರೆಸಬೇಕು, ಅಷ್ಟೂ ಹೆಸರುಗಳನ್ನು ಬಸವಣ್ಣನ ಮುಂದೆ ಓದಿಸುತ್ತೇವೆ ಎಂದು ಸಾರಿದ. ನಮ್ಮ ಕಡೆ ದಾಸೋಹದ ಪುಸ್ತಕಕ್ಕೆ ಹೆಸರು ಕೊಡಲಾರೆ ಎನ್ನುವವರು ಇನ್ನೂ ಹುಟ್ಟಿಲ್ಲ. ಕೈ ತೊಳೆದುಕೊಂಡು ಸರತಿಯಲ್ಲಿ ನಿಂತು ಬರೆಸಿದರು. ನಡೆಯಲಾಗದೆ ಮನೆಯಲ್ಲುಳಿದ ಮುದುಕರ ಹೆಸರು, ಗಂಡನ ಮನೆಯಲ್ಲಿರುವ ಹೆಣ್ಣುಮಕ್ಕಳ ಹೆಸರು, ಎಲ್ಲವನ್ನೂ ಬರೆಸಿದರು.

ಮರುವಾರ ಆ ಪುಸ್ತಕವನ್ನು ಕಂಕುಳಲ್ಲಿಟ್ಟುಕೊಂಡು ಜಗದೇವಪ್ಪ ನನ್ನ ಸೆಂಟರಿಗೆ ಬಂದ.

“ಆರನೂರಾ ಹನ್ನೆರಡು ಮಂದಿ ಅದಾರ ನೋಡು. ಎಲ್ಲಾರಿಗೂ ಸೀರಿ ಸೇಲಿನ ಮೇಲ್ ಹೋಗಬೇಕು.”

“ಇವ್ರನ್ನ ಕೇಳೀರೇನ್ರಿ? ಹಿಂಗ ಜಾಹೀರಾತು ಕಳಸ್ತೀವಿ, ನಡೀತದೇನು ಅಂತ? ಒಪ್ಪಿಗಿ ಬೇಕಾಗ್ತದ್ರಿ. ಈಗ ಕಾಯ್ದೇನೇ ಅದ.”

“ಹುಗ್ಗಿ ಉಂಡಾರಲ್ಲೋ! ಅದಕ್ಕಿಂತ ಒಪ್ಪಿಗಿ ಏನ್ ಬೇಕು?”

ನಾನು ಬಿಡಲಿಲ್ಲ. ದೇವರ ಮುಂದೆ ಓದಿಸಲೆಂದು ಕೊಟ್ಟ ಹೆಸರು ಸೀರೆ ಮಾರಲಿಕ್ಕೆ ಬರುವುದಿಲ್ಲ. ಯಾತಕ್ಕೆ ಕೇಳಿದೆವೋ ಅದಕ್ಕಷ್ಟೇ ಬಳಸಬೇಕು. ಬೇಡ ಎಂದವರಿಗೆ ಬೇಡ ಎನ್ನಲು ಪ್ರತಿ ಮೇಲಿನಲ್ಲೂ ಒಂದು ದಾರಿ ಇರಬೇಕು. ಇದನ್ನೆಲ್ಲ ಬಿಡಿಸಿ ಬಿಡಿಸಿ ಹೇಳಿದೆ. ಜಗದೇವಪ್ಪ ಅಡಿಕೆ ಕಡಿಯುತ್ತ ಪುರಾಣ ಕೇಳುವವನಂತೆ ಕೂತಿದ್ದ. ನನ್ನ ಮಾತು ಮುಗಿದ ಮೇಲೆ ಪುಸ್ತಕ ತೆರೆದು ಮುಂದಿಟ್ಟ.

“ಇದರಾಗ ಬರೇ ಫೋನ್ ನಂಬರ್ ಅದಾವ. ಮೇಲ್ ನಿನ್ನ ಹತ್ರ ಇರ್ತಾವಲ್ಲ, ಅವನ್ನ ಕೂಡಸು. ಎರಡು ತಾಲೂಕಿನ ಮಂದಿ ಲಕ್ಷ್ಮಿಕಾಂತನ ಮುಠ್ಠ್ಯಾಗ ಅದಾರ ಅಂತ ನಾಲ್ಕು ಮಂದಿ ಮುಂದ ನಾ ಹೇಳ್ತಿರ್ತೀನಿ. ಸುಳ್ಳೇನು?”

ಸುಳ್ಳಲ್ಲ. ಈಗ ಯಾವ ಅರ್ಜಿ ತೆಗೆದರೂ ಅದರಲ್ಲಿ ಇ-ಮೇಲ್ ಎಂದೊಂದು ಚೌಕ, ಪಕ್ಕದಲ್ಲಿ ಕೆಂಪು ಚುಕ್ಕಿ. ಅದನ್ನು ತುಂಬದಿದ್ದರೆ ಅರ್ಜಿ ಮುಂದೆ ಹೋಗುವುದಿಲ್ಲ. ಬೆಳೆವಿಮೆಗೆ ಬಂದ ಮುದನಾಳದ ರೈತನಿಗಾಗಲಿ, ಪಿಂಚಣಿಗೆ ಬಂದ ವನದುರ್ಗದ ಮುದುಕಿಗಾಗಲಿ ಎಲ್ಲಿಯ ಇ-ಮೇಲ್? ಅವರು ಚಾ ಕುಡಿದು ಬರುವಷ್ಟರಲ್ಲಿ ನಾನೇ ಒಂದನ್ನು ಮಾಡಿ ತುಂಬಿಬಿಡುತ್ತೇನೆ. ಹಾಗೆ ಮಾಡಿದ್ದು ಸಾವಿರದ ಮೇಲಿವೆ. ಎಲ್ಲದಕ್ಕೂ ನನ್ನ ಫೋನ್ ನಂಬರು, ಎಲ್ಲದಕ್ಕೂ ನಾನಿಟ್ಟ ಪಾಸ್‌ವರ್ಡು, ಅಷ್ಟೂ ಮೇಲುಗಳು ಬಂದು ಬೀಳುವುದು ನನ್ನ ಫೋನಿನ ಒಂದೇ ಪೆಟ್ಟಿಗೆಗೆ. ತಮ್ಮ ಹೆಸರಿನಲ್ಲಿ ಒಂದು ಇ-ಮೇಲ್ ಇದೆ ಎಂಬುದು ಅವರಲ್ಲಿ ಅರ್ಧ ಮಂದಿಗೆ ಗೊತ್ತೇ ಇಲ್ಲ. ಹೇಳಿದರೂ ತಿಳಿಯುವವರಲ್ಲ ಎಂದು ನಾನು ಹೇಳುತ್ತಿರಲಿಲ್ಲ.

ಹೊಗಳಿಕೆಗೆ ಬಿದ್ದೆ, ನೇರವಾಗಿ ಹೇಳುತ್ತೇನೆ. ಪುಸ್ತಕದ ಹೆಸರುಗಳನ್ನು ನನ್ನ ಪಟ್ಟಿಗೆ ತಾಳೆ ಹಾಕಿ ನಾನೂರಾ ಮೂವತ್ತು ಮಂದಿಯ ಮೇಲ್ ಕೂಡಿಸಿದೆ. ಇವರೆಲ್ಲರ ಒಪ್ಪಿಗೆ ಪಡೆದಿದ್ದೀರಾ ಎಂದು ಕೇಳುವ ಚೌಕ ಬಂತು. ಅದರಲ್ಲಿ ಟಿಕ್ ಹಾಕಿದ್ದೂ ನಾನೇ, ಅಷ್ಟೂ ಮಂದಿಯ ಪರವಾಗಿ, ಒಂದೇ ಬೆರಳಿನಿಂದ. ಈ ಜಾಹೀರಾತುಗಳೆಲ್ಲ ಕಡೆಗೆ ನನ್ನ ಫೋನಿಗೇ ಬಂದು ಬೀಳುತ್ತವೆ ಎಂಬುದನ್ನು ಜಗದೇವಪ್ಪನಿಗೆ ಹೇಳಲಿಲ್ಲ. ನನ್ನ ಮಾತು ಕೇಳದವನು ನನಗೇ ಸೀರೆ ಮಾರಿಕೊಂಡು ಕೂತಿರಲಿ ಎಂದು ಒಳಗೊಳಗೇ ನಕ್ಕೆ.

ತಲೆಬರಹ ಏನಿರಲಿ ಎಂದು ಕೇಳಿದಾಗ ಜಗದೇವಪ್ಪ ತಟ್ಟನೆ ಹೇಳಿದ. “ಕಂಗ್ರಾಚುಲೇಷನ್ಸ್, ಯು ಆರ್ ಸೆಲೆಕ್ಟೆಡ್ ಅಂತ ಇಂಗ್ಲೀಷಿನ್ಯಾಗ ಹಾಕು. ಸೀರಿ ಅಂತ ಬರದ್ರ ಯಾರ್ ತೆಗೀತಾರ? ನೌಕರಿ ಬಂದದ ಅಂತ ಅನಸಬೇಕು.”

ಹಾಗೇ ಹಾಕಿದೆ. ದಿನಕ್ಕೆ ಮೂರು ಸಲದಂತೆ ಹೋಗತೊಡಗಿತು. ಪ್ರತಿ ಸಲವೂ ‘ನಾನೂರಾ ಮೂವತ್ತು ಮಂದಿಗೆ ತಲುಪಿದೆ’ ಎಂದು ಪರದೆಯ ಮೇಲೆ ಬರುವುದನ್ನು ಜಗದೇವಪ್ಪ ಗಿರಾಕಿಗಳಿಗೆ ತೋರಿಸುತ್ತಿದ್ದ.

ಆ ಪುಸ್ತಕದಲ್ಲಿ ಸುಮಲತಾಳ ಹೆಸರೂ ಇತ್ತು. ಸುರಪುರ ತಾಲೂಕಿನಲ್ಲಿ ಕೃಷ್ಣೆಯ ದಂಡೆಗೆ ಬಲೆ ಹಾಕಿ ಬದುಕುವ ಗುರಪ್ಪನ ಮಗಳು, ನಮ್ಮ ಪೈಕಿಯೇ. ಅವರೂರಿನಲ್ಲಿ ಒಂದು ಸೂಜಿ ಹಾಕಿಸಿಕೊಳ್ಳಬೇಕಾದರೂ ಹರದಾರಿ ನಡೆಯಬೇಕು. ಹುಡುಗಿ ರಾಯಚೂರಿನ ನರ್ಸಿಂಗ್ ಕಾಲೇಜೊಂದಕ್ಕೆ ಅರ್ಜಿ ಹಾಕಿದ್ದಳು. ತುಂಬಿದವನು ನಾನು, ಮೇಲ್ ಮಾಡಿದವನೂ ನಾನು. ಸೀಟು ಸಿಕ್ಕರೆ ಮೇಲ್ ಬರುತ್ತದೆ, ಬಂದ ಮೂರು ದಿನದೊಳಗೆ ಒಪ್ಪಿದೆ ಎಂದು ಉತ್ತರ ಕೊಡಬೇಕು. ಈ ಸಲ ಸಿಗದಿದ್ದರೆ ದೀಪಾವಳಿ ಕಳೆದ ಮೇಲೆ ಸೋದರಮಾವನಿಗೆ ಕೊಡುವುದೆಂದು ಮನೆಯಲ್ಲಿ ಮಾತಾಗಿತ್ತು. ಪತ್ರ ಬರುವವರೆಗೆ ಕಾಯುತ್ತೇನೆ ಎಂದು ಗುರಪ್ಪ ಮಗಳಿಗೆ ಮಾತು ಕೊಟ್ಟಿದ್ದ. ಆ ಪತ್ರಕ್ಕಾಗಿಯೇ ತಾಯಿ ಹಣಮಂತಮ್ಮ ಮಗಳನ್ನು ಕರೆದುಕೊಂಡು ಬರಿಗಾಲಲ್ಲಿ ಕೊಡೇಕಲ್ಲಿಗೆ ನಡೆದು ಹೋಗಿದ್ದಳು, ದಾರಿಯಲ್ಲಿ ಜಗದೇವಪ್ಪನ ಹುಗ್ಗಿ ಉಂಡು ಮಗಳ ಹೆಸರು ಬರೆಸಿದ್ದಳು.

ಸುಮಲತಾ ಎರಡು ದಿನಕ್ಕೊಮ್ಮೆ ಬಸ್ಸು ಹತ್ತಿ ಬರುತ್ತಿದ್ದಳು. ಒಮ್ಮೆ ನೋಟ್‌ಬುಕ್ ತೆರೆದು ಪೆನ್ನು ಹಿಡಿದು ನಿಂತಳು.

“ಅಣ್ಣಾ, ಅದರ ಪಾಸ್‌ವರ್ಡ್ ಹೇಳ್ರಿ, ಬರ್ಕೊಂತೀನಿ. ಗೆಳತಿ ಆಮೀನಾನ ಫೋನಿನ್ಯಾಗ ನಾನೇ ನೋಡ್ಕೊಂತೀನಿ. ಮ್ಯಾಲಿಂದ ಮ್ಯಾಲ ಇಲ್ಲಿತನಕ ಬರೋದು ತಪ್ತದ.”

“ನೀ ಏನರ ಒತ್ತಿ ಕೆಡಸ್ತಿ. ಬಂದ್ರ ನಾನೇ ಹೇಳ್ತೀನಿ, ಬೇಫಿಕರ್ ಇರು.”

ಅವಳು ಪೆನ್ನು ಮುಚ್ಚಿ ಹೋದಳು. ಕೊಡದಿರಲು ಬೇರೆಯದೇ ಕಾರಣವಿತ್ತು, ಅದನ್ನು ಅವಳಿಗೆ ಹೇಳುವುದು ಸಾಧ್ಯವಿರಲಿಲ್ಲ.

ಒಂದು ಸೋಮವಾರ ಜಗದೇವಪ್ಪ ಟೊಪ್ಪಿಗೆಯಿಲ್ಲದೆ, ಬರಿತಲೆಯಲ್ಲಿ ಓಡಿಬಂದ. ಅವನ ಅಂಗಡಿಯಲ್ಲಿ ಮದುವೆಯ ಜವಳಿಗೆ ಬಂದ ಹಿರಿಯರು ಕೂತಿದ್ದರಂತೆ. ವೆಬ್‌ಸೈಟಿನಲ್ಲಿ ಇನ್ನೂ ಸೀರೆಗಳಿವೆ ಎಂದು ಇವನೇ ಬಡಾಯಿ ಕೊಚ್ಚಿ ತೆರೆದು ತೋರಿಸಿದ್ದಾನೆ. ಸೀರೆ ಇರಬೇಕಾದ ಜಾಗದಲ್ಲಿ ಇಸ್ಪೀಟು ಆಡಲು ಕರೆಯುವ ಅರೆಬಟ್ಟೆಯ ಹೆಂಗಸರು. ಬೀಗರ ಕಡೆಯ ಅಜ್ಜನೊಬ್ಬ ಕೋಲು ಊರಿ ಎದ್ದವನು ಮತ್ತೆ ಕೂರಲೇ ಇಲ್ಲವಂತೆ. ನನಗೆ ಎಷ್ಟು ಖುಷಿಯಾಯಿತೆಂದರೆ, ಅಯ್ಯೋ ಎನ್ನಲೂ ಮರೆತೆ.

“ಬಸವಣ್ಣನ ಹೆಸರ ಹೇಳಿ ಒಳಗ ಹೊಕ್ಕಾರ ನೋಡ್ರಿ. ಅವರ ಕೈ ಬಿದ್ದಾವೋ ಇಲ್ಲೋ ತಪಾಸ್ ಮಾಡಸ್ರಿ.”

“ಚಾಷ್ಟಿ ಬ್ಯಾಡೋ ಮಾರಾಯ. ಇಜ್ಜತ್ತಿನ ಸವಾಲ್ ಅದ. ಮದ್ಲ ತಗಿ ಅದನ್ನ.”

ಹೊಸ ಪಾಸ್‌ವರ್ಡ್ ಕೇಳಿದೆ. ಜಗದೇವಪ್ಪ ಬಹಳ ಹೊತ್ತು ಯೋಚಿಸಿ, ಬಸವಣ್ಣನ ಮುಂದೆ ಒಂದು ‘ಒಂದು’ ಹಚ್ಚು ಎಂದ. ಇದಕ್ಕೆ ನಾನು ಬೈದ ಬೈಗುಳವನ್ನು ಇಲ್ಲಿ ಬರೆಯಲಾಗದು.

ವೆಬ್‌ಸೈಟ್ ಸರಿಯಾಗುವಷ್ಟರಲ್ಲಿ ಕಳ್ಳರು ಅದರಲ್ಲಿದ್ದ ನಾನೂರಾ ಮೂವತ್ತು ಮೇಲ್ ವಿಳಾಸಗಳನ್ನೂ ನಮ್ಮ ಜಾಹೀರಾತನ್ನೂ ಹೊತ್ತುಕೊಂಡು ಹೋಗಿದ್ದರು. ಆಮೇಲೆ ಶುರುವಾಯಿತು ನೋಡಿ. ಇಸ್ಪೀಟಿನ ಕರೆ, ಸಾಲದ ಕರೆ, ಲಾಟರಿಯ ಕರೆ, ಎಲ್ಲವೂ ನನ್ನೊಬ್ಬನ ಫೋನಿಗೆ. ಊಟಕ್ಕೆ ಕೂತರೆ ಜೇಬು ನಡುಗುತ್ತಿತ್ತು. ಕಳುಹಿಸಿದವರ ಹೆಸರು ಗಳಿಗೆಗೊಂದು, ತಲೆಬರಹ ಮಾತ್ರ ಜಗದೇವಪ್ಪನದೇ: ಕಂಗ್ರಾಚುಲೇಷನ್ಸ್, ಯು ಆರ್ ಸೆಲೆಕ್ಟೆಡ್. ಹೆಸರು ಹಿಡಿದು ತಡೆಯಲಾಗದೆ, ಕಡೆಗೆ ತಲೆಬರಹವನ್ನೇ ಹಿಡಿದು ಒಂದು ನಿಯಮ ಮಾಡಿದೆ. ಆ ಮಾತಿರುವ ಮೇಲ್ ಯಾರ ಹೆಸರಿಗೆ ಬಂದರೂ ನೇರ ಕಸದ ಪೆಟ್ಟಿಗೆಗೆ ಹೋಗಬೇಕು. ಫೋನು ತಣ್ಣಗಾಯಿತು. ಎಂಥಾ ಬುದ್ಧಿವಂತ ನಾನು ಎಂದುಕೊಂಡು ಆ ಮಂಗಳವಾರ ಮಧ್ಯಾಹ್ನ ಸೆಂಟರಿನಲ್ಲೇ ಒಂದು ನಿದ್ದೆ ಮಾಡಿದೆ.

ಬುಧವಾರ ಸುಮಲತಾ ಬಂದಳು. ಪೆಟ್ಟಿಗೆಯಲ್ಲಿ ಅವಳ ಹೆಸರು ಹುಡುಕಿ, ಬಂದಿಲ್ಲ ಎಂದೆ. ಶುಕ್ರವಾರ ಮತ್ತೆ ಬಂದಳು. ತಲೆ ಎತ್ತದೆಯೇ, ಬಂದಿಲ್ಲ ಎಂದೆ.

ಶನಿವಾರ ಬೆಳಿಗ್ಗೆ ಜಗದೇವಪ್ಪ ನನ್ನೆದುರಿನ ಕುರ್ಚಿಯಲ್ಲಿ ತಲೆ ತಗ್ಗಿಸಿ ಕೂತಿದ್ದ. ಅರ್ಜಿ ತುಂಬಿಸಲು ಬಂದ ಏಳೆಂಟು ಮಂದಿ ಸರತಿಯಲ್ಲಿ ನಿಂತು ನನ್ನ ಮಾತು ಕೇಳುತ್ತಿದ್ದರು. ಕೇಳುವವರಿದ್ದರೆ ನನ್ನ ನಾಲಿಗೆಗೆ ಬ್ರೇಕ್ ಇಲ್ಲ.

“ಬೋರ್ಡಿನ ಮ್ಯಾಲೆ ಇದ್ದದ್ದನ್ನ ಪಾಸ್‌ವರ್ಡ್ ಇಡೋ ಮನಷ್ಯಾಗ ದುಕಾನ ಯಾಕ್ರಿ ಬೇಕು? ಮಂದಿ ನಂಬಿ ಹೆಸರ ಕೊಟ್ಟಾರ. ಅದನ್ನ ಕಾಯಾಕ ಬರಲಿಲ್ಲಂದ್ರ ತಗೋಬಾರದು. ಅವರನ್ನ ಕೇಳಲಾರದ ಅವರ ಹೆಸರ ಮುಟ್ಟಬಾರದು. ಇಷ್ಟು ತಿಳೀಬ್ಯಾಡೇನು?”

ಗಾಜಿನ ಬಾಗಿಲು ತೆರೆಯಿತು. ಸುಮಲತಾ. ಬಸ್ಸಿನಿಂದಿಳಿದು ಓಡಿಬಂದಿದ್ದಳು, ಏದುಸಿರು.

“ಅಣ್ಣಾ, ಅದೇ ಕಾಲೇಜಿಂದು ಆಮೀನಾಗ ಮಂಗಳವಾರನೇ ಬಂದದಂತ. ಅಕೀದು ನನಗಿಂತ ಕಡಿಮಿ ಮಾರ್ಕ್ಸ್. ಇನ್ನೊಮ್ಮೆ ನೋಡ್ರಿ.”

ನೋಡಿದೆ. ಪೆಟ್ಟಿಗೆಯಲ್ಲಿ ಇರಲಿಲ್ಲ. ಕಸದ ಪೆಟ್ಟಿಗೆ ತೆರೆಯುವಾಗಲೇ ನನ್ನ ಬೆರಳುಗಳಿಗೆ ಗೊತ್ತಾಗಿತ್ತು. ಇಸ್ಪೀಟು, ಸಾಲ, ಸೀರೆ, ಇಸ್ಪೀಟು, ಅವುಗಳ ನಡುವೆ ಕಾಲೇಜಿನ ಹೆಸರು. ಕಂಗ್ರಾಚುಲೇಷನ್ಸ್, ಯು ಆರ್ ಸೆಲೆಕ್ಟೆಡ್. ಮಂಗಳವಾರ ಸಂಜೆ ಬಂದದ್ದು. ಒಪ್ಪಿಗೆ ತಿಳಿಸಲು ಕಡೆಯ ಗಳಿಗೆ ಶುಕ್ರವಾರ ಸಂಜೆ ಐದು.

ಮುಚ್ಚಿಬಿಡಬೇಕೆನಿಸಿತು. ಅದನ್ನು ಅಳಿಸಿ, ಬಂದೇ ಇಲ್ಲ ತಂಗಿ ಎಂದರೆ ಯಾರಿಗೆ ಗೊತ್ತಾಗುತ್ತಿತ್ತು? ಆದರೆ ಸುಮಲತಾ ನನ್ನ ಭುಜದ ಹಿಂದೆಯೇ ನಿಂತಿದ್ದಳು, ಇಂಗ್ಲಿಷ್ ಓದಬಲ್ಲಳು. ತನ್ನ ಹೆಸರನ್ನು ಅವಳೇ ಗಟ್ಟಿಯಾಗಿ ಓದಿದಳು.

ನಾನು ಕಾಲೇಜಿಗೆ ಫೋನ್ ಮಾಡಿದೆ. ಅತ್ತಲಿನ ಗುಮಾಸ್ತ ಸಮಾಧಾನದಿಂದಲೇ ಹೇಳಿದ: ನಿನ್ನೆ ಐದರವರೆಗೂ ಕಾದೆವು, ಆ ಸೀಟು ಈಗ ಮುಂದಿನ ನಂಬರಿಗೆ ಹೋಗಿದೆ, ಏನಿದ್ದರೂ ಅಭ್ಯರ್ಥಿಯೇ ಬರೆದು ಕೇಳಲಿ. ಫೋನ್ ಇಟ್ಟೆ.

ಅವಳು ಅಳುತ್ತಾಳೆ ಎಂದುಕೊಂಡೆ. ಅಳಲಿಲ್ಲ.

“ಇದು ಕಸದಾಗ ಹ್ಯಾಂಗ ಬಿತ್ತು?”

“ಸೀರಿ ಮೇಲ್ ಬಾಳ ಬರಾಕತ್ತಿದ್ದುವು. ಅವನ್ನ ತಡಿಯಾಕ ಹೋಗಿ...”

“ನನ್ನ ಹೆಸರಿಗಿ ಸೀರಿ ಮೇಲ್ ಯಾಕ ಬರಾಕತ್ತಿದ್ದುವು? ಅವರಿಗಿ ನನ್ನ ಮೇಲ್ ಯಾರ್ ಕೊಟ್ರು?”

ಜಗದೇವಪ್ಪ ಕಡೆಗೆ ನೋಡಿದೆ. ಅವನು ತನ್ನ ಚಪ್ಪಲಿ ನೋಡುತ್ತ ಕೂತಿದ್ದ.

“ನಾನೇ.”

“ನನ್ನ ಕೇಳಿದ್ರೇನು?”

ಇದೇ ಮಾತನ್ನು ಹತ್ತು ನಿಮಿಷದ ಹಿಂದೆ ಇದೇ ಸರತಿಯ ಮುಂದೆ ನಾನೇ ಭಾಷಣ ಮಾಡಿದ್ದೆ. ಇಲ್ಲ ಎಂದು ತಲೆಯಾಡಿಸಿದೆ.

“ಪಾಸ್‌ವರ್ಡ್ ಹೇಳ್ರಿ.” ನೋಟ್‌ಬುಕ್ ತೆರೆದಿತ್ತು, ಪೆನ್ನಿನ ಮುಚ್ಚಳ ತೆಗೆದಾಗಿತ್ತು.

“ಇಲ್ಲಿ ಬ್ಯಾಡ ತಂಗಿ. ಎಲ್ಲಾರೂ ಅದಾರ.”

“ಇರಲಿ. ಹೇಳ್ರಿ.”

“ಗಂಗಾಮಾತಾ. ಒಂದು, ಎರಡು, ಮೂರು.”

ಜಗದೇವಪ್ಪ ನಿಧಾನವಾಗಿ ಕತ್ತು ತಿರುಗಿಸಿ ಗಾಜಿನ ಬಾಗಿಲನ್ನು ನೋಡಿದ. ಒಳಗಿನಿಂದ ನೋಡಿದರೆ ಅಕ್ಷರಗಳು ಉಲ್ಟಾ ಕಾಣುತ್ತವೆ, ಆದರೂ ಓದಬಹುದು. ಅವನು ನಕ್ಕಿದ್ದರೆ ಎಷ್ಟೋ ಹಗುರವಾಗುತ್ತಿತ್ತು.

“ನನ್ನ ಬೋರ್ಡ್ ಒಂದೇ ಹಿಂಗಂತ ತಿಳದಿದ್ದೆನೋ,” ಎಂದ.

ಸುಮಲತಾ ಬರೆಯುತ್ತಲೇ ಕೇಳಿದಳು. “ಇದು ನಂದೊಂದೇನೋ, ಎಲ್ಲಾರದೂ ಹಿಂಗೇನೋ?”

“ಎಲ್ಲಾರದೂ ಇದೇ.”

ಒಂದನ್ನು ಹೇಳಿದರೆ ಸಾವಿರ ಹೇಳಿದ ಹಾಗೆ. ಆವತ್ತು ಅವಳು ಪೆನ್ನು ಹಿಡಿದು ನಿಂತಾಗ ನಾನು ಕೊಡದಿದ್ದದ್ದು ಇದಕ್ಕೇ. ಅವಳು ಕೆಡಿಸುತ್ತಾಳೆಂದಲ್ಲ, ನಾನು ಕೆಡಿಸಿದ್ದು ಬಯಲಿಗೆ ಬರುತ್ತದೆಂದು. ಹನ್ನೊಂದು ವರ್ಷ ಎಲ್ಲರ ದಡ್ಡತನವನ್ನು ಎತ್ತಿ ಆಡಿದವನು, ಹೊಸದೊಂದು ಪಾಸ್‌ವರ್ಡ್ ಯೋಚಿಸುವ ಸೋಮಾರಿತನಕ್ಕೆ ನನ್ನದೇ ಬಾಗಿಲನ್ನು ನೋಡಿ ಬರೆದಿದ್ದೆ. ನಾಚಿಕೆಯಾಯಿತು. ಜಗದೇವಪ್ಪನ ಮುಂದೆ ಆದದ್ದಕ್ಕೆ ಇನ್ನೂ ಹೆಚ್ಚು ನಾಚಿಕೆಯಾಯಿತು, ಅದೂ ನಿಜ.

“ಏಳ್ರಿ,” ಎಂದಳು ಸುಮಲತಾ.

ಎದ್ದೆ. ಅವಳು ನನ್ನ ಕುರ್ಚಿಯಲ್ಲಿ ಕೂತು, ಪಾಸ್‌ವರ್ಡ್ ಬದಲಿಸುವ ಜಾಗವನ್ನು ತಾನೇ ಹುಡುಕಿ ತೆಗೆದಳು. ನನ್ನ ಫೋನ್ ನಂಬರನ್ನು ಅಳಿಸಿದಳು. ಒತ್ತಿ ಕೆಡಿಸುತ್ತಾಳೆ ಎಂದಿದ್ದೆನಲ್ಲ, ಒಂದು ಅಕ್ಷರವೂ ತಪ್ಪಲಿಲ್ಲ. ಹೊಸದನ್ನು ಬರೆಯುವ ಮುಂಚೆ ಕೈ ತಡೆದು ನನ್ನತ್ತ ನೋಡಿದಳು.

“ಆ ಕಡಿ ಮಾರಿ ಮಾಡ್ರಿ.”

ನನ್ನದೇ ಸೆಂಟರಿನಲ್ಲಿ, ಗಿರಾಕಿಗಳ ಮುಂದೆ, ಗೋಡೆಗೆ ಮುಖ ಮಾಡಿ ನಿಂತೆ. ಹಿಂದೆ ಕೀಲಿಗಳ ಸದ್ದು ಕೇಳುತ್ತಿತ್ತು. ಪಾಸ್‌ವರ್ಡಿಗೆ ಬೇಕಾದದ್ದಕ್ಕಿಂತ ಬಹಳ ಹೊತ್ತು ಕೇಳುತ್ತಿತ್ತು. ಕಾಲೇಜಿಗೆ ಬರೆಯುತ್ತಿದ್ದಾಳೆ ಎಂದು ತಿಳಿಯಿತು. ಏನು ಬರೆದಳೋ, ನನ್ನ ಹೆಸರು ಬರೆದಳೋ ಇಲ್ಲವೋ, ತಿರುಗಿ ನೋಡುವ ಧೈರ್ಯವಾಗಲಿಲ್ಲ.

ಸದ್ದು ನಿಂತಿತು. ಕುರ್ಚಿ ಸರಿಯಿತು. ಆಗ ಸರತಿಯಿಂದ ವನದುರ್ಗದ ಮುದುಕಿ ಕರೆಮ್ಮ, ವರ್ಷಕ್ಕೆ ನಾಲ್ಕು ಸಲವಾದರೂ ನನ್ನ ಹತ್ತಿರ ಬಂದು ಪಿಂಚಣಿಯ ಕೆಲಸ ಮಾಡಿಸಿಕೊಂಡು ಹೋಗುವವಳು, ಮೆಲ್ಲಗೆ ಮುಂದೆ ಬಂದ ಸದ್ದಾಯಿತು.

“ಯವ್ವಾ, ನಂದೂ ಒಂದ್ ಅದ ಏನು ಅದರಾಗ? ಇದ್ರ ನಂದೂ ಬದ್ಲಿ ಮಾಡಿಕೊಟ್ಟು ಹೋಗವ್ವಾ. ಇವನಿಗಿ ಕಾಣಲಾರದಂಗ ಮಾಡು.”

ಸುಮಲತಾ ಮತ್ತೆ ಕೂತಳು. ನಾನು ಗೋಡೆಯ ಕಡೆಗೇ ನಿಂತಿದ್ದೆ. ಕರೆಮ್ಮನ ಹಿಂದೆ ಇನ್ನೊಬ್ಬರು, ಅವರ ಹಿಂದೆ ಮತ್ತೊಬ್ಬರು ಬಂದರು. ಕಡೆಗೆ ಜಗದೇವಪ್ಪನೂ ಎದ್ದು ಸರತಿಯ ಕೊನೆಗೆ ಹೋಗಿ ನಿಂತದ್ದು ಚಪ್ಪಲಿಯ ಸದ್ದಿನಿಂದ ಗೊತ್ತಾಯಿತು. ಬಸವಣ್ಣನನ್ನು ಬಿಟ್ಟು ಬೇರೆ ಏನಾದರೂ ಇಡಲು ಆ ಹುಡುಗಿಯ ಮಾತನ್ನಾದರೂ ಕೇಳಿದನೋ ಏನೋ.

ಇದಾಗಿ ತಿಂಗಳ ಮೇಲಾಯಿತು. ಹೊಳೆದಂಡೆಯ ನಮ್ಮವರು ಈಗ ನನ್ನ ಸೆಂಟರಿಗೆ ಬರುವುದಿಲ್ಲ, ಸುರಪುರಕ್ಕೆ ಹೋಗುತ್ತಾರೆ. ದಿನಕ್ಕೆ ಹತ್ತು ಸಲವಾದರೂ ನನ್ನ ಕೈ ತಾನಾಗಿ ಆ ಪೆಟ್ಟಿಗೆಯನ್ನು ತೆರೆದು ಸುಮಲತಾಳ ಹೆಸರು ಹುಡುಕುತ್ತದೆ. ರಾಯಚೂರಿನಿಂದ ಅವಳಿಗೆ ಉತ್ತರ ಬಂದಿದೆಯೋ ಇಲ್ಲವೋ ನನಗೆ ಗೊತ್ತಿಲ್ಲ. ಈಗ ಅದು ಅವಳಾಗಿಯೇ ಹೇಳಿದರಷ್ಟೇ ನನಗೆ ಗೊತ್ತಾಗುವ ಮಾತು.